ಪೆಟ್ಟಿಗೆಯೊಳಗಿನ ಮುಳ್ಳಿಲಿ: ಹಲ್ಲು ಒಂದು ಹೇಳಿ, ಡಿಎನ್‌ಎ ಇನ್ನೊಂದು ಹೇಳಿದ ಪ್ರಕರಣ

ಈ ಪ್ರಕರಣ ನಡೆದದ್ದು ಶಿವಮೊಗ್ಗ ಜಿಲ್ಲೆಯ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ. ಕಾಲೇಜಿನ ಹೆಸರು, ನಡೆದ ವರ್ಷ, ವಿದ್ಯಾರ್ಥಿನಿಯ ಗುರುತು ಇವನ್ನು ಉದ್ದೇಶಪೂರ್ವಕವಾಗಿ ಬಿಟ್ಟಿದ್ದೇನೆ. ಮಾರ್ಗದರ್ಶಕನಾಗಿ ನಾನು ತೆಗೆದುಕೊಂಡ ತೀರ್ಮಾನಗಳನ್ನು, ಅವುಗಳಲ್ಲಿ ತಪ್ಪಿದವನ್ನೂ ಸೇರಿಸಿ, ಇದ್ದ ಹಾಗೆಯೇ ಇಟ್ಟಿದ್ದೇನೆ. ಇಂಥ ಕೆಲಸಕ್ಕೆ ಕೈಹಾಕುವ ಬೇರೆ ಕಾಲೇಜಿನವರಿಗೆ ನಮ್ಮ ಫಲಿತಾಂಶಕ್ಕಿಂತ ನಾವು ಎಡವಿದ ಜಾಗಗಳೇ ಹೆಚ್ಚು ಉಪಯೋಗಕ್ಕೆ ಬರುತ್ತವೆ ಎಂಬುದು ನನ್ನ ನಂಬಿಕೆ.

ಹಿನ್ನೆಲೆ

ನಮ್ಮ ವಿಭಾಗದ ಸಂಗ್ರಹ ದೊಡ್ಡದೇನಲ್ಲ. ಮಲೆನಾಡಿನ ಮಳೆಗಾಲದಲ್ಲಿ ಒಣಚರ್ಮದ ಮಾದರಿಗಳನ್ನು ಉಳಿಸಿಕೊಳ್ಳುವುದೇ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನೊಳಗೆ ಬಲ್ಬು ಉರಿಸಿ, ನುಸಿಗುಳಿಗೆ ಹಾಕಿ ಕಾದರೂ ಬೂಷ್ಟು ತಪ್ಪುವುದಿಲ್ಲ. ಹೀಗೆ ಉಳಿದುಬಂದವುಗಳಲ್ಲಿ ಮುಳ್ಳುಹಂದಿಯ ಒಂದು ತಲೆಬುರುಡೆ, ಹಾರುಬೆಕ್ಕಿನ ಚರ್ಮ ಮತ್ತು ಬುರುಡೆ, ಅಳಿಲು, ಹೆಗ್ಗಣ, ಮನೆಯಿಲಿ, ಗಿನಿಪಿಗ್‌ನ ಅಸ್ಥಿಪಂಜರ ಇದ್ದವು. ಇವುಗಳ ಜೊತೆಗೆ ಒಂದು ಪುಟ್ಟ ಮರದ ಪೆಟ್ಟಿಗೆಯಲ್ಲಿ, ಬೆನ್ನಮೇಲೆ ಚಪ್ಪಟೆ ಮುಳ್ಳುಗಳಿದ್ದು ಬಾಲದ ತುದಿ ಕುಂಚದಂತಿದ್ದ ಒಂದು ಸಣ್ಣ ಪ್ರಾಣಿಯ ಚರ್ಮವೂ ಬುರುಡೆಯೂ ಇದ್ದವು. ಹಳೆಯ ಶಾಯಿಯ ಚೀಟಿಯಲ್ಲಿ ‘ಡಾರ್ಮೌಸ್, ಗ್ಲಿರಿಡೇ ಕುಟುಂಬ, ಘಟ್ಟದ ಕಾಡು’ ಎಂದಷ್ಟೇ ಬರೆದಿತ್ತು. ಡಾರ್ಮೌಸ್ ಎಂದರೆ ಮರವೇರುವ ಒಂದು ಪುಟ್ಟ ದಂಶಕ (ಇಲಿ, ಅಳಿಲುಗಳಂತೆ ಬಾಚಿಹಲ್ಲಿನಿಂದ ಕೊರೆದು ತಿನ್ನುವ ಪ್ರಾಣಿ), ಗ್ಲಿರಿಡೇ ಅದರ ಕುಟುಂಬದ ಹೆಸರು. ಸಂಗ್ರಹಿಸಿದವರ ಹೆಸರಿರಲಿಲ್ಲ, ಊರಿರಲಿಲ್ಲ, ತಾರೀಖಿರಲಿಲ್ಲ.

ಪ್ರಾಣಿ ಯಾವುದೆಂಬುದರಲ್ಲಿ ನಮಗೆ ಹೆಚ್ಚು ಗೊಂದಲವಿರಲಿಲ್ಲ. ಪಶ್ಚಿಮ ಘಟ್ಟದ ದಕ್ಷಿಣ ಭಾಗದಲ್ಲಿ ಮಾತ್ರ ಕಾಣಸಿಗುವ, ಮರದ ಪೊಟರೆಯಲ್ಲಿ ವಾಸಿಸುವ, ಹಣ್ಣು, ಬೀಜ, ಕಾಳುಮೆಣಸು ತಿನ್ನುವ ಪ್ಲಾಟಕಾಂತೊಮಿಸ್ ಲಾಸಿಯುರಸ್ ಅದು. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದಲ್ಲಿದ್ದ ಎಡ್ವರ್ಡ್ ಬ್ಲೈತ್ 1859ರಲ್ಲಿ ಇದಕ್ಕೆ ಈ ಹೆಸರಿಟ್ಟ. ಹೆಸರಿನ ಮೊದಲ ಭಾಗಕ್ಕೆ ಚಪ್ಪಟೆ ಮುಳ್ಳಿನ ಇಲಿ ಎಂದೂ ಎರಡನೆಯದಕ್ಕೆ ರೋಮ ತುಂಬಿದ ಬಾಲದ್ದು ಎಂದೂ ಅರ್ಥ. ಇಂಗ್ಲಿಷ್ ಬಳಕೆಯಲ್ಲಿ ಇದು ಇಂದಿಗೂ ಮಲಬಾರ್ ಸ್ಪೈನಿ ಡಾರ್ಮೌಸ್. ಈ ಬರಹದಲ್ಲಿ ನಾನು ಇದನ್ನು ಮುಳ್ಳಿಲಿ ಎಂದು ಕರೆಯುತ್ತೇನೆ.

ಡಾರ್ಮೌಸ್ ಎಂಬ ಹೆಸರು ಎಲ್ಲಿಂದ ಬಂತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ನಮ್ಮ ಜನ ಮರದಿಂದ ಮರಕ್ಕೆ ತೇಲುವ ದೊಡ್ಡ ಅಳಿಲನ್ನು ಹಾರುಬೆಕ್ಕು ಎನ್ನುತ್ತಾರೆ, ಮೈತುಂಬ ಮುಳ್ಳಿರುವ ದಂಶಕವನ್ನು ಮುಳ್ಳುಹಂದಿ ಎನ್ನುತ್ತಾರೆ, ದಂಶಕವೇ ಅಲ್ಲದ ಸುಂಡಿಲಿಯನ್ನು ಇಲಿಯ ಲೆಕ್ಕಕ್ಕೆ ಸೇರಿಸುತ್ತಾರೆ. ಕಂಡ ಕೂಡಲೇ ಕಣ್ಣಿಗೆ ಬೀಳುವ ಹೋಲಿಕೆಯನ್ನು ಹಿಡಿದು ಹೆಸರಿಡುವುದು ದಿನಬಳಕೆಗೆ ಸಾಕು. ಯುರೋಪಿನ ಪ್ರಾಣಿಶಾಸ್ತ್ರಜ್ಞರಿಗೂ ಮರವೇರುವ, ದಟ್ಟ ಬಾಲದ, ದವಡೆಹಲ್ಲಿನ ಮೇಲೆ ಅಡ್ಡಗೆರೆಗಳಿರುವ ಪುಟ್ಟ ಪ್ರಾಣಿ ಎಂದ ತಕ್ಷಣ ತಮ್ಮೂರಿನ ಡಾರ್ಮೌಸ್ ನೆನಪಾಗಿದ್ದರೆ ಆಶ್ಚರ್ಯವಿಲ್ಲ. ಆದರೆ ಈ ಹೋಲಿಕೆ ಹೆಸರಿಗೇ ನಿಲ್ಲಲಿಲ್ಲ. 1945ರಲ್ಲಿ ಜಾರ್ಜ್ ಗೇಲಾರ್ಡ್ ಸಿಂಪ್ಸನ್ ಪ್ರಕಟಿಸಿದ, ಬಹುಕಾಲ ಆಧಾರಗ್ರಂಥವಾಗಿದ್ದ ಸಸ್ತನಿಗಳ ವರ್ಗೀಕರಣದಲ್ಲೂ ಮುಳ್ಳಿಲಿಯ ಕುಟುಂಬ ಡಾರ್ಮೌಸ್‌ಗಳ ಪಕ್ಕದಲ್ಲೇ ಇತ್ತು. ನಮ್ಮ ಚೀಟಿಯನ್ನು ಬರೆದವರು ತಮ್ಮ ಕಾಲದ ಒಳ್ಳೆಯ ಪುಸ್ತಕವನ್ನೇ ಅನುಸರಿಸಿದ್ದರು.

ಸಮಸ್ಯೆ

ಸ್ನಾತಕೋತ್ತರ ಪದವಿಯ ಕಿರು ಪ್ರಬಂಧಕ್ಕೆ ವಿದ್ಯಾರ್ಥಿನಿ ಆರಿಸಿಕೊಂಡ ವಿಷಯ, ನಮ್ಮ ಕಪಾಟಿನಲ್ಲಿರುವ ದಂಶಕಗಳ ಸಂಬಂಧವನ್ನು ಅಂಗರಚನೆಯಿಂದ ಒಮ್ಮೆ, ಜೀನ್ ಅನುಕ್ರಮಗಳಿಂದ (ಡಿಎನ್‌ಎಯ ‘ಅಕ್ಷರ’ಗಳು ಒಂದರ ಹಿಂದೆ ಒಂದು ಬರುವ ಸರಣಿಯಿಂದ) ಒಮ್ಮೆ ಗುರುತಿಸಿ, ಎರಡು ವಂಶವೃಕ್ಷಗಳನ್ನು ಹೋಲಿಸುವುದಾಗಿತ್ತು. ಪಾಠ ಹೇಳಲು ನಮ್ಮಲ್ಲಿದ್ದ ಬುರುಡೆಗಳೇ ಸಾಕಾಗಿದ್ದವು. 1855ರಲ್ಲಿ ಬ್ರಾಂಟ್ ಎಂಬ ವಿಜ್ಞಾನಿ, ದವಡೆಯನ್ನು ಎಳೆಯುವ ಮ್ಯಾಸೆಟರ್ ಸ್ನಾಯು ಮೂತಿಯ ಮೂಳೆಯನ್ನು ಎಲ್ಲಿ ಹಿಡಿದುಕೊಂಡಿದೆ ಎಂಬುದರ ಮೇಲೆ ದಂಶಕಗಳನ್ನು ಅಳಿಲಿನ ಬಗೆ, ಇಲಿಯ ಬಗೆ, ಮುಳ್ಳುಹಂದಿಯ ಬಗೆ ಎಂದು ಮೂರಾಗಿ ವಿಂಗಡಿಸಿದ್ದ. ಮುಳ್ಳುಹಂದಿಯ ಬುರುಡೆಯಲ್ಲಿ ಕಣ್ಣುಗುಳಿಯ ಮುಂದಿರುವ ರಂಧ್ರ ಬಹಳ ದೊಡ್ಡದು, ಸ್ನಾಯುವಿನ ಒಂದು ಪದರ ಅದರೊಳಗಿಂದಲೇ ತೂರಿ ಮೂತಿಯವರೆಗೆ ಹೋಗುತ್ತದೆ. ಅಳಿಲಿನಲ್ಲಿ ಅದೇ ರಂಧ್ರ ತೀರ ಸಣ್ಣದು, ಇಲಿಯಲ್ಲಿ ಬೀಗದ ಕಿಂಡಿಯಂಥದ್ದು. ಬುರುಡೆಯನ್ನು ಕೈಯಲ್ಲಿ ಹಿಡಿದು ಇದನ್ನು ನೋಡಿದ ವಿದ್ಯಾರ್ಥಿ ಮರೆಯುವುದಿಲ್ಲ.

ಆದರೆ ಜೀನ್‌ಗಳು ಕೊಡುವ ವಿಂಗಡಣೆಯೂ ಮೂರೇ ಆದರೂ ಅವು ಬ್ರಾಂಟ್‌ನ ಮೂರಲ್ಲ. ಆಫ್ರಿಕದ ಸ್ಪ್ರಿಂಗ್‌ಹೇರ್ ಎಂಬ ಜಿಗಿಯುವ ದಂಶಕದ ದವಡೆಸ್ನಾಯು ಮುಳ್ಳುಹಂದಿಯ ಬಗೆಯದು, ಅದರ ಜೀನ್‌ಗಳು ಮಾತ್ರ ಇಲಿಯ ಕಡೆಯ ದೊಡ್ಡ ಗುಂಪಿಗೆ ಸೇರುತ್ತವೆ. ಡಾರ್ಮೌಸ್‌ಗಳ ದವಡೆ ನೋಡಲು ಇಲಿಯದರಂತಿದ್ದರೂ ಜೀನ್‌ಗಳ ಪ್ರಕಾರ ಅವು ಅಳಿಲಿನ ಕಡೆಯವು. ಅಂದರೆ ಒಂದೇ ಬಗೆಯ ಅಗಿಯುವ ಏರ್ಪಾಡು ಬೇರೆ ಬೇರೆ ವಂಶಗಳಲ್ಲಿ ಬೇರೆ ಬೇರೆಯಾಗಿ ಮೂಡಿದೆ.

ಇದರಿಂದ ನಮ್ಮ ಮುಳ್ಳಿಲಿಯ ಪ್ರಶ್ನೆಗೆ ಮಹತ್ವ ಬಂತು. ಅದು ಡಾರ್ಮೌಸ್ ಆದರೆ ಅದರ ನೆಂಟರು ಅಳಿಲುಗಳು, ಡಾರ್ಮೌಸ್ ಅಲ್ಲದೆ ಇಲಿಗಳ ಕಡೆಯದಾದರೆ ದಂಶಕಗಳ ಇಡೀ ವೃಕ್ಷದಲ್ಲಿ ಅದು ಇನ್ನೊಂದೇ ಹೆಗ್ಗೊಂಬೆಗೆ ಹೋಗುತ್ತದೆ. ವಿದ್ಯಾರ್ಥಿನಿ ಹನ್ನೆರಡು ಲಕ್ಷಣಗಳನ್ನು ಪಟ್ಟಿಮಾಡಿ ಕಟ್ಟಿದ ಅಂಗರಚನೆಯ ವೃಕ್ಷದಲ್ಲಿ ಮುಳ್ಳಿಲಿ ಡಾರ್ಮೌಸ್‌ನ ಪಕ್ಕದಲ್ಲಿ ನಿಂತಿತು. ಪ್ರಕಟಿತ ಅನುಕ್ರಮಗಳನ್ನು ಆಧರಿಸಿದ ತಿಳಿವಳಿಕೆ ಹೇಳುತ್ತಿದ್ದುದು ಬೇರೆ.

ಮೊದಲ ಪ್ರಯತ್ನಗಳು

ಅವಳ ಮೊದಲ ಜೀನ್ ವೃಕ್ಷವೇ ದೊಡ್ಡ ಪೆಟ್ಟು ಕೊಟ್ಟಿತು. ಸಾರ್ವಜನಿಕ ಸಂಗ್ರಹವಾದ ಜೆನ್‌ಬ್ಯಾಂಕ್‌ನಿಂದ ಮನೆಯಿಲಿ, ಸುಂಡಿಲಿ (ಚಿಕ್ಕ ಮನೆಯಿಲಿ ಎಂದುಕೊಂಡು ಮೊದಲು ಇಳಿಸಿಕೊಂಡಿದ್ದು, ಆಮೇಲೆ ಹೊರಗುಂಪಾಗಿ, ಅಂದರೆ ಹೋಲಿಕೆಗೆಂದು ಇಡುವ ದಂಶಕವಲ್ಲದ ಪ್ರಾಣಿಯಾಗಿ, ಉಳಿಸಿಕೊಂಡಿದ್ದು), ಗಿನಿಪಿಗ್, ಮೊಲ, ಹಸು, ಮನುಷ್ಯ ಇವುಗಳ ಮೈಟೋಕಾಂಡ್ರಿಯದ ಜೀನ್‌ಗಳನ್ನಷ್ಟೇ ತೆಗೆದುಕೊಂಡು ಕಟ್ಟಿದ ಆ ವೃಕ್ಷದಲ್ಲಿ ಗಿನಿಪಿಗ್ ಇಲಿಯ ಜೊತೆ ಸೇರದೆ ದೂರ ಹೋಗಿ ನಿಂತಿತು. ಜೀನ್‌ಗಳನ್ನೇ ನಂಬುವುದಾದರೆ ಗಿನಿಪಿಗ್ ದಂಶಕವೇ ಅಲ್ಲ ಎನ್ನಬೇಕಿತ್ತು.

ಇದು ಅವಳ ಅಜಾಗರೂಕತೆಯಿಂದಾದದ್ದಲ್ಲ. 1991ರಲ್ಲಿ ಡಾನ್ ಗ್ರೌರ್ ಮತ್ತು ಸಂಗಡಿಗರು ಇದೇ ಸಂದೇಹವನ್ನು ನೇಚರ್ ಪತ್ರಿಕೆಯಲ್ಲಿ ಎತ್ತಿದ್ದರು. 1996ರಲ್ಲಿ ಮೈಟೋಕಾಂಡ್ರಿಯದ ಪೂರ್ಣ ಅನುಕ್ರಮವನ್ನು ಆಧರಿಸಿ ಗಿನಿಪಿಗ್ ದಂಶಕವಲ್ಲ ಎಂದು ಇನ್ನೊಂದು ತಂಡ ಅದೇ ಪತ್ರಿಕೆಯಲ್ಲಿ ಬರೆದಿತ್ತು. ಅಂಗರಚನೆಯನ್ನು ಅಭ್ಯಾಸ ಮಾಡಿದವರು ಆಗ ಒಪ್ಪಲಿಲ್ಲ. ಜೀವಮಾನವಿಡೀ ಬೆಳೆಯುವ ಒಂದೇ ಜೋಡಿ ಬಾಚಿಹಲ್ಲು, ಅದರ ಮುಂಬದಿಗೆ ಮಾತ್ರ ಎನಾಮೆಲ್, ಹಿಂದೆ ಮುಂದೆ ಜಾರುವ ದವಡೆ ಇಷ್ಟೆಲ್ಲ ಒಟ್ಟಾಗಿ ಎರಡು ಸಲ ಹುಟ್ಟಿತೆನ್ನಲು ಅವರು ಸಿದ್ಧರಿರಲಿಲ್ಲ. ಮುಂದೆ ಹೆಚ್ಚು ಪ್ರಭೇದಗಳನ್ನೂ ಕೋಶಕೇಂದ್ರದ ಜೀನ್‌ಗಳನ್ನೂ ಸೇರಿಸಿದಾಗ, ಮುಖ್ಯವಾಗಿ 2001ರ ದೊಡ್ಡ ಅಧ್ಯಯನಗಳಲ್ಲಿ, ದಂಶಕಗಳೆಲ್ಲ ಒಂದೇ ವಂಶವೆಂಬುದು ಗಟ್ಟಿಯಾಯಿತು. ಈ ವಿಷಯದಲ್ಲಿ ಹಲ್ಲು ಸರಿಯಾಗಿತ್ತು. ಅನುಕ್ರಮಗಳೂ ಸುಳ್ಳಾಗಿರಲಿಲ್ಲ, ಆದರೆ ಕೆಲವೇ ಪ್ರಾಣಿಗಳನ್ನು ಇಟ್ಟುಕೊಂಡಾಗ ಬೇಗ ಬೇಗ ಬದಲಾಗುವ ಉದ್ದ ಕವಲುಗಳು ವೃಕ್ಷದಲ್ಲಿ ತಮ್ಮದಲ್ಲದ ಜಾಗಕ್ಕೆ ಜಾರುತ್ತವೆ.

ನಾವೂ ಅದೇ ದಾರಿ ಹಿಡಿದೆವು. ಮುಳ್ಳುಹಂದಿ, ಅಳಿಲು, ಡಾರ್ಮೌಸ್‌ಗಳ ಅನುಕ್ರಮಗಳನ್ನು ಸೇರಿಸಿ, ಮೈಟೋಕಾಂಡ್ರಿಯವೊಂದನ್ನೇ ನೆಚ್ಚದೆ ಕೋಶಕೇಂದ್ರದ ಎರಡು ಜೀನ್‌ಗಳನ್ನೂ ತೆಗೆದುಕೊಂಡಾಗ ಗಿನಿಪಿಗ್ ಮುಳ್ಳುಹಂದಿಯ ಪಕ್ಕಕ್ಕೆ ಬಂದು ಸೇರಿತು. ಅವಳ ಮುಖದಲ್ಲಿ ನಿರಾಳ ಕಂಡಿತು. ನನಗೂ ಹಾಗೇ ಅನ್ನಿಸಿತ್ತು, ಮತ್ತು ಆ ನಿರಾಳದಲ್ಲೇ ಮುಂದಿನ ತಪ್ಪಿಗೆ ದಾರಿಯಾಯಿತು ಎಂದು ಈಗ ತಿಳಿಯುತ್ತದೆ.

ತೀರ ಚೆನ್ನಾಗಿ ಬಂದ ಅನುಕ್ರಮ

ಮುಳ್ಳಿಲಿಯ ಸ್ವಂತ ಅನುಕ್ರಮ ನಮ್ಮಲ್ಲಿರಲಿಲ್ಲ. 2009ರಲ್ಲಿ ಶರಾನ್ ಜಾನ್ಸಾ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಅಧ್ಯಯನದಲ್ಲಿ ಇದರ ಹತ್ತಿರದ ಸಂಬಂಧಿಯೆನಿಸಿದ, ಚೀನಾ ಮತ್ತು ವಿಯೆಟ್ನಾಂನ ಕಾಡುಗಳ ಟೈಫ್ಲೊಮಿಸ್ ಎಂಬ ದಂಶಕದ ಜೀನ್‌ಗಳಿದ್ದವು. ಆ ಪ್ರಾಣಿ ಇಲಿ, ಹ್ಯಾಮ್‌ಸ್ಟರ್ ಮೊದಲಾದವನ್ನೊಳಗೊಂಡ ದೊಡ್ಡ ಗುಂಪಿನ ಬುಡದಲ್ಲಿ, ಉಳಿದೆಲ್ಲವುಗಳಿಗಿಂತ ಮೊದಲೇ ಬೇರೆಯಾದ ಕವಲಾಗಿ ಬರುತ್ತಿತ್ತು. ಡಾರ್ಮೌಸ್‌ಗಳ ಹತ್ತಿರ ಅದು ಎಲ್ಲೂ ಇರಲಿಲ್ಲ. ನಮ್ಮ ಪೆಟ್ಟಿಗೆಯ ಮಾದರಿಯಿಂದಲೇ ಒಂದು ಅನುಕ್ರಮ ಸಿಕ್ಕಿದರೆ ಪ್ರಬಂಧಕ್ಕೆ ತೂಕ ಬರುತ್ತದೆ ಎಂದು ಸಲಹೆ ಕೊಟ್ಟವನು ನಾನು. ಚರ್ಮದ ಅಂಚಿನಿಂದ ಭತ್ತದ ಕಾಳಿನಷ್ಟು ತುಂಡನ್ನು ಕತ್ತರಿಸಿ, ನಮ್ಮಲ್ಲೇ ಡಿಎನ್‌ಎ ತೆಗೆದು, ಪಿಸಿಆರ್ (ಡಿಎನ್‌ಎ ತುಂಡಿನ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಮಾಡಿಸಿ, ಮೈಟೋಕಾಂಡ್ರಿಯದ ಸೈಟೋಕ್ರೋಮ್ ಬಿ ಜೀನಿನ ಅನುಕ್ರಮ ಓದಿಸಲು ಹೊರಗಿನ ಪ್ರಯೋಗಾಲಯಕ್ಕೆ ಕಳಿಸಿದೆವು.

ಫಲಿತಾಂಶ ಬಂದಾಗ ವಿಭಾಗದಲ್ಲಿ ಸಂತೋಷವೋ ಸಂತೋಷ. ಆ ಜೀನಿನ ಸುಮಾರು 1140 ಅಕ್ಷರಗಳಲ್ಲಿ ಬಹುಪಾಲು ಒಂದೇ ಓಟದಲ್ಲಿ, ಎಲ್ಲೂ ಮಸುಕಿಲ್ಲದೆ ಸಿಕ್ಕಿತ್ತು. ವೃಕ್ಷ ಕಟ್ಟಿದಾಗ ಮುಳ್ಳಿಲಿ ಇಲಿಗಳ ಗುಂಪಿನೊಳಗೆ ಬಂದು ಕೂತಿತು. ಜೀನ್‌ಗಳು ಹೇಳಬೇಕಾದ್ದನ್ನೇ ಹೇಳಿವೆ, ಚೀಟಿ ತಪ್ಪು ಎಂದು ರುಜುವಾತಾಯಿತು ಎಂದುಕೊಂಡು ಆ ಚಿತ್ರವನ್ನು ವಿಭಾಗದ ವಿಚಾರಗೋಷ್ಠಿಯ ಸ್ಲೈಡಿಗೂ ಹಾಕಿಬಿಟ್ಟೆ.

ಗೋಷ್ಠಿಗೆ ಎರಡು ದಿನ ಇರುವಾಗ ವಿದ್ಯಾರ್ಥಿನಿ ನನ್ನ ಕೊಠಡಿಗೆ ಬಂದಳು. ‘ಸರ್, ಕವಲುಗಳ ಉದ್ದ ತೋರಿಸುವ ಹಾಗೆ ಮತ್ತೆ ಚಿತ್ರ ಬರೆಸಿದೆ. ಮುಳ್ಳಿಲಿಗೂ ಮನೆಯಿಲಿಗೂ ನಡುವೆ ಉದ್ದವೇ ಇಲ್ಲ’ ಎಂದಳು. ನಾವು ನೋಡಿದ್ದ ಚಿತ್ರದಲ್ಲಿ ಯಾರ ಪಕ್ಕ ಯಾರು ಎಂಬುದು ಮಾತ್ರ ಕಾಣುತ್ತಿತ್ತು, ಕವಲುಗಳ ತುದಿಗಳೆಲ್ಲ ಒಂದೇ ಗೆರೆಗೆ ಬಂದು ನಿಂತಿದ್ದವು. ವ್ಯತ್ಯಾಸದ ಪ್ರಮಾಣವನ್ನು ಸೇರಿಸಿದಾಗ ನಮ್ಮ ಅಮೂಲ್ಯ ಅನುಕ್ರಮ ಮನೆಯಿಲಿಯದರ ಮೇಲೆ ಅಚ್ಚೊತ್ತಿದಂತೆ ಬಿದ್ದಿತ್ತು. ಇಲಿಗಳ ಗುಂಪಿನ ಬುಡದಲ್ಲಿರಬೇಕಾದ ಪ್ರಾಣಿ ಅದರ ತುತ್ತತುದಿಯಲ್ಲಿ, ಒಂದು ಪ್ರಭೇದದ ಒಳಗೇ ಇತ್ತು. ಅದು ಮುಳ್ಳಿಲಿಯ ಡಿಎನ್‌ಎ ಆಗಿರಲು ಸಾಧ್ಯವೇ ಇರಲಿಲ್ಲ.

ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅದೇ ವಾರ ಅದೇ ಮೇಜಿನ ಮೇಲೆ ಕೆಳತರಗತಿಯವರು ತೋಟದಿಂದ ತಂದ ಇಲಿಗಳ ಅಂಗಚ್ಛೇದನ ಮಾಡಿದ್ದರು. ಮೇಜನ್ನು ಒರೆಸಿದ್ದೆವು, ಕತ್ತರಿಯನ್ನು ತೊಳೆದಿದ್ದೆವು. ಪಿಸಿಆರ್ ಒಂದು ಕಣವನ್ನೂ ಕೋಟಿಗಟ್ಟಲೆ ಪ್ರತಿಗಳಾಗಿ ಹೆಚ್ಚಿಸುವ ವಿಧಾನವಾದ್ದರಿಂದ ಆ ಶುಚಿತ್ವ ಯಾವ ಲೆಕ್ಕಕ್ಕೂ ಬರುವುದಿಲ್ಲ. ಮಾದರಿಯನ್ನೇ ಹಾಕದ ಒಂದು ಖಾಲಿ ನಳಿಕೆಯನ್ನು ಜೊತೆಗೆ ನಡೆಸಿದ್ದರೆ ಅಲ್ಲೂ ಇಲಿಯ ಅನುಕ್ರಮ ಕಾಣಿಸಿ ನಮ್ಮನ್ನು ಎಚ್ಚರಿಸಬಹುದಿತ್ತು. ಹಣ ಉಳಿಸಲು ಅದನ್ನು ಕೈಬಿಟ್ಟವನೂ ನಾನೇ.

ಅದಕ್ಕಿಂತ ದೊಡ್ಡ ಸುಳಿವು ನಮ್ಮ ಕಣ್ಣೆದುರೇ ಇತ್ತು. ಜೀವಿ ಸತ್ತ ಮೇಲೆ ಡಿಎನ್‌ಎ ತುಂಡಾಗುತ್ತ ಹೋಗುತ್ತದೆ, ಸೆಕೆ ಮತ್ತು ತೇವ ಅದನ್ನು ಇನ್ನೂ ಬೇಗ ಒಡೆಯುತ್ತವೆ. ದಶಕಗಟ್ಟಲೆ ಮಲೆನಾಡಿನ ಮಳೆಗಾಲಗಳನ್ನು ಕಂಡ ಒಂದು ಒಣಚರ್ಮದಲ್ಲಿ ನೂರು, ಇನ್ನೂರು ಅಕ್ಷರಗಳ ಚೂರುಗಳು ಉಳಿದಿದ್ದರೇ ಪುಣ್ಯ. ಅಂಥದ್ದರಿಂದ ಸಾವಿರ ಅಕ್ಷರಗಳ ಅಖಂಡ ಅನುಕ್ರಮ ಬಂತೆಂದರೆ ಅದು ಹೊಸ ಮಾಂಸದಿಂದ ಬಂದದ್ದೇ ಆಗಿರಬೇಕು. ಫಲಿತಾಂಶ ಮಸುಕಾಗಿದ್ದರೆ ನಾವು ಅನುಮಾನಿಸುತ್ತಿದ್ದೆವು. ಅದು ಸ್ಪಷ್ಟವಾಗಿತ್ತು, ಜೊತೆಗೆ ನಮಗೆ ಬೇಕಾದ ಉತ್ತರವನ್ನೇ ಕೊಟ್ಟಿತು, ಆದ್ದರಿಂದ ಯಾರೂ ಪ್ರಶ್ನಿಸಲಿಲ್ಲ. ಮುಳ್ಳಿಲಿ ಡಾರ್ಮೌಸ್ ಅಲ್ಲ ಎಂಬ ತೀರ್ಮಾನ ಸರಿಯಾಗಿದ್ದರೂ ನಾವು ಮುಂದಿಟ್ಟ ಸಾಕ್ಷ್ಯ ಪೂರ್ತಿ ಸುಳ್ಳಾಗಿತ್ತು. ಈ ಪ್ರಕರಣದಲ್ಲಿ ನನ್ನನ್ನು ಇಂದಿಗೂ ಕಾಡುವುದು ಇದೇ.

ಮತ್ತೆ ಹಲ್ಲಿನ ಕಡೆಗೆ

ಮುಂದೇನು ಮಾಡುವುದೆಂಬುದು ಸುಲಭದ ತೀರ್ಮಾನವಾಗಿರಲಿಲ್ಲ. ಇನ್ನೊಂದು ತುಂಡು ಕತ್ತರಿಸಿ ಮತ್ತೆ ಪ್ರಯತ್ನಿಸಬಹುದಿತ್ತು. ಆದರೆ ಮಾದರಿ ಇದ್ದದ್ದು ಒಂದೇ, ಮೇಜು ಅದೇ, ಕೊಠಡಿ ಅದೇ. ಹಳೆಯ ಡಿಎನ್‌ಎಗೆಂದೇ ಪ್ರತ್ಯೇಕ ಕೊಠಡಿಯಿಲ್ಲದ ಕಡೆ ಮತ್ತೊಮ್ಮೆ ಕತ್ತರಿಸುವುದೆಂದರೆ ಚರ್ಮವನ್ನು ಕಳೆದುಕೊಂಡು ಅನುಮಾನವನ್ನು ಗಳಿಸಿದ ಹಾಗೆ. ಕತ್ತರಿಸುವುದು ಬೇಡ ಎಂದು ನಾನು ಹೇಳಿದೆ. ವಿದ್ಯಾರ್ಥಿನಿಗೆ ಬೇಸರವಾಯಿತು. ಪ್ರಬಂಧ ಸಲ್ಲಿಸಲು ಆರು ವಾರ ಉಳಿದಿತ್ತು, ಅವಳ ಕೈಯಲ್ಲಿ ಸ್ವಂತದ್ದೆನ್ನಲು ಒಂದು ಅನುಕ್ರಮವೂ ಇರಲಿಲ್ಲ.

ಆಗ ಅವಳು ಬುರುಡೆಯನ್ನು ಮತ್ತೆ ಹೊರತೆಗೆದಳು. ಮೊದಲ ಸಲ ಅವಳು ಲಕ್ಷಣಗಳನ್ನು ಪಟ್ಟಿಮಾಡಿದ್ದು ಚರ್ಮ, ಬಾಲ, ಪಾದಗಳಿಂದ ಶುರುಮಾಡಿ. ಈಗ ಕೈಮಸೂರದಡಿ ಹಲ್ಲುಗಳನ್ನು ಎಣಿಸಿದಳು. ಡಾರ್ಮೌಸ್‌ನ ಪ್ರತಿ ದವಡೆಯ ಒಂದು ಬದಿಗೆ ಬಾಚಿಹಲ್ಲನ್ನು ಬಿಟ್ಟು ನಾಲ್ಕು ಹಲ್ಲು, ಒಂದು ಪ್ರೀಮೋಲಾರ್ (ಮುಂದವಡೆ ಹಲ್ಲು) ಮತ್ತು ಮೂರು ಮೋಲಾರ್ (ಹಿಂದವಡೆ ಹಲ್ಲು), ಬಾಯಿಯಲ್ಲಿ ಒಟ್ಟು 20. ಇಲಿಗೆ ಪ್ರೀಮೋಲಾರ್ ಇಲ್ಲ, ಬದಿಗೆ ಮೂರೇ, ಒಟ್ಟು 16. ಪೆಟ್ಟಿಗೆಯ ಬುರುಡೆಯಲ್ಲಿ ಎಲ್ಲ ಬದಿಗೂ ಮೂರು ಮೂರೇ ಇದ್ದವು, ನಾಲ್ಕನೆಯದು ಬಿದ್ದುಹೋದ ಗುಳಿಯ ಗುರುತೂ ಇರಲಿಲ್ಲ. ‘ಗ್ಲಿರಿಡೇ’ ಎಂಬ ಚೀಟಿಯನ್ನು ತಳ್ಳಿಹಾಕಲು ಬೇಕಾದ ಸಾಕ್ಷ್ಯ ಆ ಪೆಟ್ಟಿಗೆಯೊಳಗೇ, ಚೀಟಿಯ ಪಕ್ಕದಲ್ಲೇ ಇತ್ತು. ಹಾಗೆ ನೋಡಿದರೆ ಅಂಗರಚನೆಗೂ ಜೀನ್‌ಗೂ ನಡುವೆ ಜಗಳವೇ ಇರಲಿಲ್ಲ. ಜಗಳವಿದ್ದದ್ದು ಬಾಲಕ್ಕೂ ಹಲ್ಲಿಗೂ.

ಅವಳ ಮೊದಲ ಪಟ್ಟಿ ಏಕೆ ದಾರಿ ತಪ್ಪಿಸಿತು ಎಂಬುದೂ ಆಗ ತಿಳಿಯಿತು. ದಟ್ಟ ಬಾಲ, ಮರ ಹಿಡಿಯುವ ಪಾದ, ಸಣ್ಣ ಗಾತ್ರ ಇವನ್ನು ಬೇರೆ ಬೇರೆ ಲಕ್ಷಣಗಳೆಂದು ಅವಳು ಎಣಿಸಿದ್ದಳು, ನಾನೂ ಒಪ್ಪಿದ್ದೆ. ಅವೆಲ್ಲ ಮರದ ಮೇಲಿನ ಬದುಕು ಎಂಬ ಒಂದೇ ಸಂಗತಿಯ ಮುಖಗಳು. ಒಬ್ಬನೇ ಸಾಕ್ಷಿಯ ಹೇಳಿಕೆಯನ್ನು ಮೂರು ಸಲ ಬರೆದುಕೊಂಡು ಮೂರು ಜನ ಸಾಕ್ಷಿಗಳಿದ್ದಾರೆ ಎಂದಂತಾಗಿತ್ತು. ನಮ್ಮ ಹಾರುಬೆಕ್ಕಿನ ಚರ್ಮವೇ ಇದಕ್ಕೆ ಒಳ್ಳೆಯ ಪಾಠ ಹೇಳಬಲ್ಲುದು. ಆಫ್ರಿಕದ ಅನೋಮಲೂರ್ ಎಂಬ ದಂಶಕಗಳಿಗೂ ತೇಲುವ ಪೊರೆ ಇದೆ, ದೂರದಿಂದ ಎರಡೂ ಒಂದೇ. ಆದರೆ ಪೊರೆಯನ್ನು ಹರಡಿ ಹಿಡಿಯುವ ಮೃದ್ವಸ್ಥಿಯ ಕಡ್ಡಿ ಹಾರುಬೆಕ್ಕಿನಲ್ಲಿ ಮಣಿಕಟ್ಟಿನಿಂದ ಹೊರಡುತ್ತದೆ, ಅನೋಮಲೂರ್‌ನಲ್ಲಿ ಮೊಣಕೈಯಿಂದ. ಎರಡು ವಂಶಗಳು ತೇಲುವುದನ್ನು ಬೇರೆ ಬೇರೆಯಾಗಿ ಕಲಿತವು ಎಂಬುದನ್ನು ಅಂಗರಚನೆಯೇ ಹೇಳುತ್ತದೆ, ಜೀನ್‌ಗಳೂ ಅದನ್ನೇ ಹೇಳುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೂರು ಹಲ್ಲು ಇದ್ದ ಮಾತ್ರಕ್ಕೆ ಮುಳ್ಳಿಲಿ ಇಲಿಗಳ ಕಡೆಯದು ಎಂದು ಹೇಳಲಾಗುವುದಿಲ್ಲ. ವಂಶದ ಹಾದಿಯಲ್ಲಿ ಹಲ್ಲು ಕಳೆದುಕೊಳ್ಳುವುದು ಸುಲಭ, ಬೇರೆ ಬೇರೆ ವಂಶಗಳಲ್ಲಿ ಅದು ಮತ್ತೆ ಮತ್ತೆ ನಡೆದಿದೆ. ಹಲ್ಲಿನ ಎಣಿಕೆ ಡಾರ್ಮೌಸ್ ಎಂಬ ಹೇಳಿಕೆಯನ್ನು ಸಡಿಲಿಸಿತು, ಅದರ ಜಾಗದಲ್ಲಿ ಬೇರೆ ಹೇಳಿಕೆಯನ್ನು ನಿಲ್ಲಿಸುವಷ್ಟು ಬಲ ಅದೊಂದಕ್ಕೇ ಇರಲಿಲ್ಲ. ಆ ಬಲ ಬಂದದ್ದು ಟೈಫ್ಲೊಮಿಸ್‌ನ ಜೀನ್‌ಗಳಿಂದ. ಆದರೆ ಟೈಫ್ಲೊಮಿಸ್‌ನ ಜೀನ್‌ಗಳು ಮುಳ್ಳಿಲಿಯ ಪರವಾಗಿ ಸಾಕ್ಷಿ ಹೇಳಬಹುದು ಎಂದು ನಮಗೆ ಗೊತ್ತಾದದ್ದು ಹೇಗೆ? ಎರಡರ ದವಡೆಹಲ್ಲಿನ ಮೇಲಿನ ಓರೆಗೆರೆಗಳ ವಿನ್ಯಾಸ ಒಂದೇ ಬಗೆಯದು, ಯುರೋಪಿನ, ಲಕ್ಷಾಂತರ ವರ್ಷಗಳ ಹಿಂದಿನ ಮಯೋಸೀನ್ ಕಾಲದ ನಿಯೋಕೊಮಿಟಿಸ್ ಎಂಬ ಪಳೆಯುಳಿಕೆಯ ಹಲ್ಲುಗಳೂ ಅದೇ ಕುಟುಂಬದವೆಂದು ಗುರುತಾಗಿವೆ. ಅಂದರೆ ಜೀನ್ ಸಾಕ್ಷ್ಯ ನಮ್ಮ ಘಟ್ಟದ ಪ್ರಾಣಿಯವರೆಗೆ ನಡೆದು ಬಂದದ್ದು ಅಂಗರಚನೆ ಹಾಕಿಕೊಟ್ಟ ಸಂಕದ ಮೇಲೆ. ಸಂಕ ಮುರಿದರೆ ಚೀನಾದ ಪ್ರಾಣಿಯ ಜೀನ್‌ಗಳು ಚೀನಾದ ಪ್ರಾಣಿಯ ಬಗ್ಗೆ ಮಾತ್ರ ಹೇಳುತ್ತವೆ. ಅವಳ ಪ್ರಬಂಧದ ಅತ್ಯುತ್ತಮ ಅಧ್ಯಾಯ ಇದರ ಮೇಲೆಯೇ ನಿಂತಿತು, ಅದು ನನ್ನ ಸಲಹೆಯಿಂದ ಬಂದದ್ದಲ್ಲ.

ಮೌಖಿಕ ಪರೀಕ್ಷೆ ಮತ್ತು ಅನಂತರ

ಕಲಬೆರಕೆಯಾದ ಅನುಕ್ರಮವನ್ನು ಪ್ರಬಂಧದಿಂದ ತೆಗೆದುಹಾಕಬೇಕೇ, ನಡೆದದ್ದನ್ನು ಹೇಳಿ ಉಳಿಸಬೇಕೇ ಎಂಬ ಚರ್ಚೆ ವಿಭಾಗದಲ್ಲಿ ನಡೆಯಿತು. ತೆಗೆಯಿರಿ, ಅಂಕ ಕಳೆದುಕೊಳ್ಳುತ್ತಾಳೆ ಎಂದವರೂ ಇದ್ದರು. ಅವಳು ಉಳಿಸಿದಳು. ಎರಡು ಪುಟಗಳಲ್ಲಿ ಏನಾಯಿತು, ಹೇಗೆ ಗೊತ್ತಾಯಿತು, ಖಾಲಿ ನಳಿಕೆ ಏಕಿರಲಿಲ್ಲ ಎಂಬುದನ್ನೆಲ್ಲ ಬರೆದು, ಕವಲಿನ ಉದ್ದವಿಲ್ಲದ ಚಿತ್ರವನ್ನೂ ಉದ್ದವಿರುವ ಚಿತ್ರವನ್ನೂ ಅಕ್ಕಪಕ್ಕ ಹಾಕಿದಳು.

ಹೊರಗಿನಿಂದ ಬಂದ ಪರೀಕ್ಷಕರು ಮೊದಲು ಕೇಳಿದ್ದು, ನಿಮ್ಮ ಮಾದರಿಯಿಂದ ಒಂದೂ ಅನುಕ್ರಮವಿಲ್ಲದೆ ಹೋಲಿಕೆ ಹೇಗಾಯಿತು ಎಂದು. ಅವಳು ಎರಡು ಪ್ರಶ್ನೆಗಳನ್ನು ಬಿಡಿಸಿ ಉತ್ತರಿಸಿದಳು. ಈ ಬುರುಡೆ ಯಾವ ಪ್ರಾಣಿಯದು ಎಂಬುದಕ್ಕೆ ಹಲ್ಲು ಮತ್ತು ಮುಳ್ಳು ಸಾಕು, ಆ ಪ್ರಾಣಿಯ ವಂಶ ಎಲ್ಲಿ ಕವಲೊಡೆಯಿತು ಎಂಬುದಕ್ಕೆ ಅವು ಸಾಲವು, ಅದಕ್ಕೆ ಜೀನ್‌ಗಳು ಬೇಕು, ಆದರೆ ನಾನು ತಂದಿರುವ ಜೀನ್‌ಗಳು ಸಂಬಂಧಿಯವು ಎಂದಳು. ಮೊದಲ ದಿನದಿಂದ ನಾನು ಕಲಸಿಟ್ಟಿದ್ದ ಎರಡು ಪ್ರಶ್ನೆಗಳು ಅವು. ಪರೀಕ್ಷಕರು ಬುರುಡೆಯನ್ನು ತರಿಸಿಕೊಂಡು ಹಲ್ಲುಗಳನ್ನು ತಾವೇ ಎಣಿಸಿದರು.

ಈಚಿನ ಒಂದು ಸಂಗತಿ ಇಲ್ಲಿ ಸೇರಬೇಕು. ಟೈಫ್ಲೊಮಿಸ್‌ನ ನಾಲ್ಕು ಪ್ರಭೇದಗಳು ಬಾವಲಿಗಳಂತೆ ಪ್ರತಿಧ್ವನಿಯಿಂದ ದಾರಿ ಕಂಡುಕೊಳ್ಳುತ್ತವೆ ಎಂದು 2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ನಡವಳಿಕೆ, ಗಂಟಲಿನ ಬಳಿಯ ಮೂಳೆ ಮತ್ತು ಜೀನ್ ಎಲ್ಲವನ್ನೂ ಒಟ್ಟಿಗೆ ನೋಡಿ ಆ ತೀರ್ಮಾನಕ್ಕೆ ಬಂದಿದ್ದರು. ನಮ್ಮ ಪೊಟರೆಗಳಲ್ಲಿ ರಾತ್ರಿ ಓಡಾಡುವ ಅದರ ನೆಂಟನ ಕಿವಿಯನ್ನು ಹಾಗೆ ಪರೀಕ್ಷಿಸುವ ವಿದ್ಯಾರ್ಥಿ ಮಲೆನಾಡಿನ ಯಾವುದಾದರೂ ಕಾಲೇಜಿನಿಂದಲೇ ಬರಲಿ ಎಂಬುದು ನನ್ನ ಆಸೆ.

ಪೆಟ್ಟಿಗೆಯ ಚೀಟಿಯನ್ನು ನಾವು ಕಿತ್ತುಹಾಕಲಿಲ್ಲ. ಅದರ ಕೆಳಗೆ ಇನ್ನೊಂದನ್ನು ಅವಳ ಕೈಯಲ್ಲೇ ಬರೆಸಿ ಇಟ್ಟೆವು: ‘ಪ್ಲಾಟಕಾಂತೊಮಿಸ್ ಲಾಸಿಯುರಸ್. ಗುರುತಿಸಿದ್ದು ಮು‌ಳ್ಳು ಮತ್ತು ಹಲ್ಲುಗಳಿಂದ, ಬದಿಗೆ ಮೂರು. ಚರ್ಮದ ಬಲ ಅಂಚು ಕತ್ತರಿಸಲಾಗಿದೆ. ಅದರಿಂದ ಬಂದ ಅನುಕ್ರಮ ಮನೆಯಿಲಿಯದು, ಬಳಸಬಾರದು. ಎಡ ಅಂಚನ್ನು ಮುಟ್ಟಿಲ್ಲ.’